ಚಾಡಿಯೂ ದೂರೂ

ಪ್ರಾಥಮಿಕ ಶಾಲೆಯ ಒಂದನೆಯ ಅಥವಾ ಎರಡನೆಯ ತರಗತಿಯಲ್ಲಿ ಅರ್ಧ ಗಂಟೆ ಕುಳಿತು ಬಂದವರ ಕಿವಿಯಲ್ಲಿ ಒಂದು ವಾಕ್ಯ ಉಳಿದೇ ಉಳಿಯುತ್ತದೆ: ‘ಸಾ, ಇವ್ನು ಹೊಡ್ದ ಸಾ.’ ಒಬ್ಬನ ಮೊಣಕೈ ಇನ್ನೊಬ್ಬನಿಗೆ ತಗುಲಿದರೂ ಇದೇ ವಾಕ್ಯ; ಬಳಪ ಕಸಿದುಕೊಂಡರೂ ಇದೇ ವಾಕ್ಯ; ನಿಜವಾಗಿಯೇ ಬೆನ್ನಿನ ಮೇಲೆ ಗುದ್ದು ಬಿದ್ದರೂ ಇದೇ ವಾಕ್ಯ. ದಿನಕ್ಕೆ ನಲವತ್ತು ಸಲ ಇದನ್ನು ಕೇಳಬೇಕಾದ ಉಪಾಧ್ಯಾಯರು ಬರೆಯುತ್ತಿರುವ ಪುಸ್ತಕದಿಂದ ತಲೆಯೆತ್ತದೆ ‘ಸುಮ್ನೆ ಕೂತ್ಕೊಳ್ರೋ’ ಎಂದುಬಿಟ್ಟರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಆ ನಲವತ್ತರಲ್ಲಿ ಒಂದು ಸಲ, ಯಾವುದೋ ಒಂದು ಮಗು, ಬೇರೆಯದೇ ಆದ ಸಂಗತಿಯೊಂದನ್ನು ಹೇಳುತ್ತಿರುತ್ತದೆ. ಅದನ್ನು ಹೇಳಲು ಬೇರೆ ಮಾತು ತಿಳಿಯದ ಕಾರಣ ಅದೂ ಅದೇ ವಾಕ್ಯವನ್ನು ಆಡುತ್ತದೆ. ಆ ಮಗುವಿನ ವಿಷಯವಾಗಿ ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ನಾನು ಮನಶ್ಶಾಸ್ತ್ರಜ್ಞನಲ್ಲ, ಕನ್ನಡ ಓದಿ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಆದ್ದರಿಂದ ಮಕ್ಕಳ ಮನಸ್ಸಿನ ವಿಷಯವನ್ನು ರೇಡಿಯೋದಲ್ಲಿ ಎತ್ತುವುದು ಅನುಚಿತವಾಗಲಾರದೆಂದು ಭಾವಿಸುತ್ತೇನೆ. ಅಲ್ಲದೆ ಇದು ಅರ್ಧದಷ್ಟು ಮನಸ್ಸಿನ ವಿಷಯವಾದರೆ ಉಳಿದರ್ಧ ಭಾಷೆಯ ವಿಷಯ.

ಇಂಗ್ಲಿಷಿನಲ್ಲಿ ಬುಲ್ಲಿಯಿಂಗ್ ಎನ್ನುವುದಕ್ಕೆ ಕನ್ನಡದಲ್ಲಿ ಸರಿಯಾದ ಒಂದು ಹೆಸರಿಲ್ಲ. ನಮ್ಮಲ್ಲಿ ಮಾತುಗಳಿಗೆ ಬಡತನವೆಂದು ಇದರ ಅರ್ಥವಲ್ಲ. ಕೀಟಲೆ ಇದೆ, ಚೇಷ್ಟೆ ಇದೆ, ತಂಟೆ ಇದೆ, ರೇಗಿಸುವುದು, ಛೇಡಿಸುವುದು, ಅಣಕಿಸುವುದು, ಹಂಗಿಸುವುದು ಇವೆ, ಪುಂಡಾಟಿಕೆ, ದಬ್ಬಾಳಿಕೆಗಳಿವೆ. ಆದರೆ ಕೀಟಲೆ, ಚೇಷ್ಟೆಗಳು ನಗೆಯ ಮಾತುಗಳು, ಕೃಷ್ಣನಿಗೂ ಸಲ್ಲುತ್ತವೆ. ದಬ್ಬಾಳಿಕೆ ವೃತ್ತಪತ್ರಿಕೆಯ ಮಾತು; ಏಳು ವರ್ಷದ ಮಗುವಿನ ಬಾಯಲ್ಲಿ ಅದು ಬಾರದು. ಎಲ್ಲಕ್ಕಿಂತ ಹತ್ತಿರ ಬರುವುದು ನಮ್ಮ ಹಳ್ಳಿಗಳಲ್ಲಿ ಬಳಕೆಯಲ್ಲಿರುವ ‘ಗೋಳುಹೊಯ್ದುಕೊಳ್ಳುವುದು’. ಒಂದು ಸಲ ಮಾಡಿದ್ದಕ್ಕೆ ಈ ಮಾತು ಸಲ್ಲದು, ಮತ್ತೆ ಮತ್ತೆ ಮಾಡಬೇಕು. ಸಮಾನನಿಗೆ ಮಾಡಿದ್ದಕ್ಕೂ ಸಲ್ಲದು, ಕೈಲಾಗದವನಿಗೆ ಮಾಡಬೇಕು. ಆದರೆ ದೊಡ್ಡಮ್ಮನೊಬ್ಬಳು ತನ್ನ ಮುದ್ದಿನ ಹುಡುಗನನ್ನು ಕುರಿತು ‘ನನ್ನ ಗೋಳುಯ್ಕತಾನೆ’ ಎಂದು ನಗುನಗುತ್ತಲೇ ಹೇಳುವುದೂ ಉಂಟು. ಇದರಿಂದ ಆ ಮಾತಿನ ಮೊನೆ ಮುರಿದುಹೋಗಿದೆ.

ಹೆಸರಿಗಾಗಿ ತಡಕಾಡಿದವರು ನಾವೊಬ್ಬರೇ ಅಲ್ಲ. ಹಗಲು ಹೊತ್ತಿನಲ್ಲಿ ಗೂಬೆಯೊಂದು ಕಣ್ಣಿಗೆ ಬಿದ್ದರೆ ಕಾಗೆಗಳೆಲ್ಲ ಸುತ್ತುವರಿದು ಅದನ್ನು ಕುಕ್ಕಿ ಓಡಿಸುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿರುತ್ತಾರೆ. ಹಕ್ಕಿಗಳ ಈ ಗುಂಪುದಾಳಿಯನ್ನು ಕುರಿತು ಪ್ರಾಣಿವರ್ತನೆಯ ವಿದ್ವಾಂಸರಾದ ಕಾನ್ರಾಡ್ ಲೊರೆನ್ಸ್ ಬರೆದಿದ್ದರು. ಆ ಬರಹದ ಮೂಲಕ ಬಂದ ‘ಮಾಬಿಂಗ್’ ಎಂಬ ಮಾತನ್ನು 1969ರಲ್ಲಿ ಸ್ವೀಡನ್ನಿನ ವೈದ್ಯ ಪೀಟರ್ ಪಾಲ್ ಹೈನೆಮನ್ ಶಾಲೆಯ ಅಂಗಳಕ್ಕೆ ಅನ್ವಯಿಸಿದರು. ಮಕ್ಕಳ ಗುಂಪೊಂದು ಒಂಟಿ ಮಗುವಿನ ಮೇಲೆ ಬೀಳುವುದನ್ನು ಅವರು ಹಾಗೆ ಕರೆದರು. ಮುಂದೆ ಡಾನ್ ಓಲ್ವಿಯಸ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ನಡೆಸಿದ ಸಂಶೋಧನೆಗಳಿಂದ ಗುಂಪೇ ಇರಬೇಕೆಂದಿಲ್ಲ, ಒಬ್ಬನೇ ಒಬ್ಬನನ್ನು ಪೀಡಿಸುವುದೂ ಇದೇ ಜಾತಿಗೆ ಸೇರಿದ್ದೆಂದು ತೋರಿಬಂತು. ನೋಯಿಸಬೇಕೆಂಬ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಎದುರಿಸಲಾಗದಷ್ಟು ಬಲದ ಅಂತರ, ಈ ಮೂರು ಕೂಡಿದರೆ ಅದು ಬುಲ್ಲಿಯಿಂಗ್ ಎಂದು ಅವರು ಲಕ್ಷಣ ಹೇಳಿದರು. 1982ರ ಕೊನೆಯಲ್ಲಿ ನಾರ್ವೆ ದೇಶದ ಉತ್ತರ ಭಾಗದಲ್ಲಿ ಮೂವರು ಬಾಲಕರು ಪ್ರಾಣ ಕಳೆದುಕೊಂಡರು. ಸಹಪಾಠಿಗಳ ಕಾಟವೇ ಅದಕ್ಕೆ ಬಹುಮಟ್ಟಿನ ಕಾರಣವೆಂದು ತಿಳಿದಾಗ ಆ ದೇಶವೇ ಎಚ್ಚೆತ್ತಿತು. ಮರುವರ್ಷ ಸರ್ಕಾರವೇ ಎಲ್ಲ ಶಾಲೆಗಳಲ್ಲಿ ಇದರ ನಿವಾರಣೆಗೆ ತೊಡಗಿತು. ಅಲ್ಲಿಯವರೆಗೆ ಇದು ‘ಹುಡುಗರ ವಿಷಯ’ವಾಗಿತ್ತು. ಇಂದು ಯುನೆಸ್ಕೊ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವರದಿಯಂತೆ ಲೋಕದಲ್ಲಿ ಶಾಲೆಗೆ ಹೋಗುವ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರು ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಇದಕ್ಕೆ ಗುರಿಯಾದವರು.

ಓಲ್ವಿಯಸ್ಸರ ಲಕ್ಷಣ ದೊಡ್ಡವರಿಗೆ ಸರಿ. ಎಳೆಯರು ಈ ಸಂಗತಿಯನ್ನು ಹೇಗೆ ಗ್ರಹಿಸುತ್ತಾರೆ? ಇದನ್ನು ತಿಳಿಯಲು ಇಂಗ್ಲೆಂಡಿನ ಪೀಟರ್ ಸ್ಮಿತ್ ಮತ್ತು ಅವರ ಸಂಗಡಿಗರು ಸೊಗಸಾದ ಉಪಾಯವೊಂದನ್ನು ಮಾಡಿದರು. ಕಡ್ಡಿಗೊಂಬೆಗಳಂತಹ ಗೆರೆಚಿತ್ರಗಳು ಇಪ್ಪತ್ತೈದು. ಒಂದರಲ್ಲಿ ಇಬ್ಬರು ಸಮಸಮವಾಗಿ ಹೊಡೆದಾಡುತ್ತಿದ್ದಾರೆ. ಇನ್ನೊಂದರಲ್ಲಿ ದೊಡ್ಡವನು ಚಿಕ್ಕವನನ್ನು ದಿನವೂ ಹೊಡೆಯುತ್ತಾನೆ. ಮತ್ತೊಂದರಲ್ಲಿ ಒಬ್ಬನನ್ನು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಮಗದೊಂದರಲ್ಲಿ ಬೆನ್ನ ಹಿಂದೆ ಇಲ್ಲದ ಮಾತು ಹಬ್ಬಿಸುತ್ತಾರೆ. ಕೆಲವು ಬರಿಯ ಸ್ನೇಹದ ಚಿತ್ರಗಳು. ನಿಮ್ಮ ಭಾಷೆಯ ಇಂಥಿಂಥ ಪದಕ್ಕೆ ಇವುಗಳಲ್ಲಿ ಯಾವುವು ಒಪ್ಪುತ್ತವೆ ಎಂದು ಹದಿನಾಲ್ಕು ದೇಶಗಳ ಎಂಟು ವರ್ಷದ ಮಕ್ಕಳನ್ನೂ ಹದಿನಾಲ್ಕು ವರ್ಷದವರನ್ನೂ ಕೇಳಿದರು. 2002ರಲ್ಲಿ ಫಲಿತಾಂಶ ಅಚ್ಚಾಯಿತು. ಏಷ್ಯದಿಂದ ಚೀನ, ಜಪಾನ್, ಥಾಯ್ಲೆಂಡ್ ಅದರಲ್ಲಿ ಇದ್ದವು. ನಮ್ಮ ದೇಶ ಇರಲಿಲ್ಲ.

ಹದಿನಾಲ್ಕು ವರ್ಷದವರು ಚಿತ್ರಗಳನ್ನು ಹಲವು ಬಗೆಯಾಗಿ ವಿಂಗಡಿಸಿದರು: ಮೈಗೆ ಮಾಡಿದ ನೋವು ಬೇರೆ, ಮಾತಿನ ನೋವು ಬೇರೆ, ಹೊರಗಿಡುವುದು ಬೇರೆ, ಸಮಬಲರ ಜಗಳ ಬೇರೆ. ಎಂಟು ವರ್ಷದವರಿಗೆ ಇದ್ದದ್ದು ಬಹುಮಟ್ಟಿಗೆ ಎರಡೇ ಗುಂಪು: ಕೆಟ್ಟದ್ದು ನಡೆಯುವ ಚಿತ್ರಗಳು, ನಡೆಯದ ಚಿತ್ರಗಳು. ಭಾಷೆ ಯಾವುದೇ ಇರಲಿ, ದೇಶ ಯಾವುದೇ ಇರಲಿ, ಎಳೆಯರ ವಿಂಗಡಣೆ ಹೆಚ್ಚುಕಡಿಮೆ ಒಂದೇ. ‘ಇವ್ನು ಹೊಡ್ದ ಸಾ’ ಎಂಬ ಒಂದೇ ವಾಕ್ಯ ಎಲ್ಲದಕ್ಕೂ ಏಕೆ ಬರುತ್ತದೆಂಬುದು ಇಲ್ಲಿ ಸ್ವಲ್ಪ ತಿಳಿಯಾಗುತ್ತದೆ. ಮಗುವಿನ ಲೆಕ್ಕದಲ್ಲಿ ನೋವು ಒಂದು ದೊಡ್ಡ ಗಂಟು. ಅದನ್ನು ಬಿಚ್ಚಿ ಎಳೆಯೆಳೆಯಾಗಿ ನೋಡುವ ಶಕ್ತಿ ಅದಕ್ಕಿನ್ನೂ ಬಂದಿಲ್ಲ.

ಹಾಗೆಂದು ಎಳೆಯರಿಗೆ ಧರ್ಮಾಧರ್ಮ ತಿಳಿಯದೆಂದು ಎಣಿಸಬಾರದು. ಜುಡಿತ್ ಸ್ಮೆಟಾನಾ ಎಂಬ ಅಮೆರಿಕದ ವಿದುಷಿ 1981ರಲ್ಲಿ ತೋರಿಸಿಕೊಟ್ಟಂತೆ ಮೂರು ನಾಲ್ಕು ವರ್ಷದ ಕೂಸುಗಳೂ ನಿಯಮ ಮುರಿಯುವುದಕ್ಕೂ ಇನ್ನೊಬ್ಬರನ್ನು ನೋಯಿಸುವುದಕ್ಕೂ ಭೇದವೆಣಿಸುತ್ತವೆ. ಬೇಡವೆನ್ನುವ ನಿಯಮವೇ ಇಲ್ಲದಿದ್ದರೂ ಹೊಡೆಯುವುದು ಅವುಗಳಿಗೆ ತಪ್ಪೇ. ಎಳೆಯರಿಗೆ ತೊಡಕಾಗುವುದು ಉದ್ದೇಶವನ್ನು ಅಳೆಯುವುದರಲ್ಲಿ. ಪಿಯಾಜೆಯವರು 1932ರ ತಮ್ಮ ಪುಸ್ತಕದಲ್ಲಿ ಮಕ್ಕಳಿಗೆ ಕೇಳಿದ ಕಥೆಗಳು ಪ್ರಸಿದ್ಧವಾಗಿವೆ. ಒಬ್ಬ ಹುಡುಗ ಊಟಕ್ಕೆ ಕರೆದರೆಂದು ಬಾಗಿಲು ತಳ್ಳಿದಾಗ ಅದರ ಹಿಂದೆ ಇಟ್ಟಿದ್ದ ಹದಿನೈದು ಬಟ್ಟಲು ಒಡೆದವು. ಇನ್ನೊಬ್ಬ ತಾಯಿಯಿಲ್ಲದ ಹೊತ್ತು ನೋಡಿ ಬೀರುವಿನಿಂದ ಜಾಮ್ ಕದಿಯಲು ಹೋಗಿ ಒಂದು ಬಟ್ಟಲು ಒಡೆದ. ಯಾರದು ಹೆಚ್ಚು ತಪ್ಪು? ಚಿಕ್ಕ ಮಕ್ಕಳಲ್ಲಿ ಹಲವರು ಹದಿನೈದು ಒಡೆದವನನ್ನೇ ತೋರಿಸಿದರು. ಉದ್ದೇಶವನ್ನು ಬಿಡಿಸಿ ಹೇಳಿದರೆ ಇನ್ನೂ ಚಿಕ್ಕವರೂ ಅದನ್ನು ಗಣಿಸುತ್ತಾರೆಂದು ಮುಂದಿನ ಸಂಶೋಧಕರು ಈ ಮಾತನ್ನು ತಿದ್ದಿದ್ದಾರೆ. ಅದು ನಮ್ಮ ಹಳ್ಳಿಯ ಮಕ್ಕಳಲ್ಲಿಯೂ ಕಾಣುತ್ತದೆ. ‘ಬೇಕುಂತ್ಲೆ ಮಾಡ್ದ’ ಎಂಬ ಮಾತು ಅವರಲ್ಲಿ ಬಲು ಬೇಗ ಮೊಳೆಯುತ್ತದೆ.

ಮಹಾಭಾರತದಲ್ಲಿ ಇದೇ ಪ್ರಶ್ನೆ ಎದ್ದಿರುವುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಆದಿಪರ್ವದಲ್ಲಿ ಬಾಲಕ ಭೀಮನು ಕೌರವರ ಜುಟ್ಟು ಹಿಡಿದು ನೆಲದ ಮೇಲೆ ಎಳೆದಾಡುತ್ತಾನೆ. ಈಜುವಾಗ ಹತ್ತು ಜನರನ್ನು ಒಟ್ಟಿಗೆ ತೋಳಲ್ಲಿ ಅವಚಿ ನೀರಿನಲ್ಲಿ ಮುಳುಗಿಸಿ, ಉಸಿರು ನಿಲ್ಲುವ ಹೊತ್ತಿಗೆ ಬಿಡುತ್ತಾನೆ. ಅವರು ಹಣ್ಣಿಗಾಗಿ ಮರ ಹತ್ತಿದರೆ ಬುಡವನ್ನು ಒದೆಯುತ್ತಾನೆ, ಹಣ್ಣುಗಳೊಂದಿಗೆ ಹುಡುಗರೂ ಉದುರುತ್ತಾರೆ. ಮತ್ತೆ ಮತ್ತೆ ನಡೆಯುವುದೂ ಇಲ್ಲಿದೆ, ಬಲದ ಅಂತರವೂ ಇದೆ. ವ್ಯಾಸರು ಮಾತ್ರ ಭೀಮನಿಗೆ ದ್ರೋಹಬುದ್ಧಿಯಿರಲಿಲ್ಲ, ಅದು ಹುಡುಗತನವೆಂದು ತೀರ್ಪು ಕೊಡುತ್ತಾರೆ. ಮೂರು ಲಕ್ಷಣಗಳಲ್ಲಿ ಮೊದಲನೆಯದು ಬಿಟ್ಟುಹೋಯಿತು, ಆದ್ದರಿಂದ ಭೀಮ ನಿರ್ದೋಷಿ! ಮರದಿಂದ ಬಿದ್ದವರಿಗೆ ಈ ತೀರ್ಪು ಒಪ್ಪಿಗೆಯಾಗಿರಲಾರದು. ಜಪಾನ್ ದೇಶ 2013ರಲ್ಲಿ ಮಾಡಿದ ಕಾನೂನು ಮರದಿಂದ ಬಿದ್ದವರ ಕಡೆಯದು. ಅಲ್ಲಿ ಇದಕ್ಕೆ ‘ಇಜಿಮೆ’ ಎಂದು ಹೆಸರು. ಮಾಡಿದವನ ಉದ್ದೇಶವೇನೆಂದು ಆ ಕಾನೂನಿನ ಲಕ್ಷಣ ವಿಚಾರಿಸುವುದಿಲ್ಲ, ಗುರಿಯಾದ ಮಗುವಿಗೆ ಮೈಗಾಗಲಿ ಮನಸ್ಸಿಗಾಗಲಿ ನೋವಾಯಿತೇ ಎಂದು ಕೇಳುತ್ತದೆ.

ನಿವೃತ್ತಿಯ ಬಳಿಕ ನಾನು ನೆಲೆಸಿರುವುದು ನಾಗಮಂಗಲ ತಾಲ್ಲೂಕಿನ ದೇವಲಾಪುರ ಹೋಬಳಿಯಲ್ಲಿ. ಸುತ್ತಿನ ಹಳ್ಳಿಯೊಂದರ ಶಾಲೆಗೆ ಶನಿವಾರಗಳಲ್ಲಿ ಕಥೆ ಹೇಳಲು ಹೋಗುವುದುಂಟು. ಒಂದು ಶನಿವಾರ ಭೀಮನ ಈ ಕಥೆಯನ್ನು ಮೂರನೆಯ ತರಗತಿಯ ಮಕ್ಕಳಿಗೆ ಹೇಳಿದೆ. ಮರಕೋತಿ ಆಡಿ ಬಲ್ಲ ಮಕ್ಕಳು. ಮರ ಅಲುಗಾಡಿದ ಕಡೆ ಬಿದ್ದು ಬಿದ್ದು ನಕ್ಕರು. ನಗು ಅಡಗಿದ ಮೇಲೆ ಹುಡುಗಿಯೊಬ್ಬಳು ಎದ್ದು, ‘ತಾತ, ಅವ್ರು ಭೀಷ್ಮಜ್ಜಂಗೆ ಯಾಕೆ ಹೇಳ್ಲಿಲ್ಲ?’ ಎಂದು ಕೇಳಿದಳು. ನಾನು ಉತ್ತರ ಹೇಳುವ ಮೊದಲೇ ಹಿಂದಿನ ಸಾಲಿನ ಹುಡುಗ, ‘ಹೇಳುದ್ರೆ ಚಾಡಿ ಆಯ್ತದೆ’ ಎಂದ. ತರಗತಿ ಒಪ್ಪಿತು. ಹುಡುಗಿಯೂ ಕುಳಿತಳು.

ನನ್ನ ಮಾತಿನ ಮುಖ್ಯಭಾಗ ಇದೇ. ಪೀಡಿಸುವುದಕ್ಕೆ ಮಗುವಿನ ಬಳಿ ಹೆಸರಿಲ್ಲ; ಪೀಡಿಸಿದನೆಂದು ಹೇಳುವುದಕ್ಕೆ ಮಾತ್ರ ಹೆಸರಿದೆ, ಅದೂ ಕೆಟ್ಟ ಹೆಸರು. ನಮ್ಮ ಭಾಷೆ ಈ ಒಂದು ವಿಷಯದಲ್ಲಿ ಸಮೃದ್ಧವಾಗಿದೆ. ಚಾಡಿಕೋರ, ಕೊಂಡೆಗಾರ, ಹಳಗನ್ನಡದ ಕೊಂಡೆಯ, ಪಿಸುಣ. ಕವಿಗಳು ಪಿಸುಣರನ್ನು ಹಳಿದಿದ್ದಾರೆ. ಮಂಥರೆಯನ್ನು ಮನೆಮನೆಯಲ್ಲಿ ಶಪಿಸಿದ್ದೇವೆ. ಬಿಜ್ಜಳನ ಕಿವಿಯಲ್ಲಿ ಬಸವಣ್ಣನವರ ಮೇಲೆ ಹೇಳಿದ ಕೊಂಡೆಮಂಚಣ್ಣನ ಹೆಸರಿಗೆ ಆ ಕೊಂಡೆ ಶಾಶ್ವತವಾಗಿ ಅಂಟಿಕೊಂಡಿದೆ. ಇವರೆಲ್ಲ ಬೈಗುಳಕ್ಕೆ ಯೋಗ್ಯರೇ ಸರಿ. ಚಾಡಿಯೆಂದರೆ ಇನ್ನೊಬ್ಬನಿಗೆ ಕೇಡು ಬಯಸಿ ಹೇಳುವ ಮಾತು. ತನಗಾದ ನೋವನ್ನು ನೀಗಿಸಿಕೊಳ್ಳಲು ಹೇಳುವುದಕ್ಕೆ ಕನ್ನಡದಲ್ಲಿ ಬೇರೆಯೇ ಮಾತಿದೆ: ದೂರು. ಅಕ್ಕಪಕ್ಕದಲ್ಲಿದ್ದರೂ ಒಂದಕ್ಕೊಂದು ಸೇರದ ಪದಗಳು ಇವು. ದೊಡ್ಡವರ ಲೋಕದಲ್ಲಿ ದೂರು ಪೊಲೀಸ್ ಠಾಣೆಗೂ ಹೋಗುತ್ತದೆ, ವಿದ್ಯುತ್ ಕಚೇರಿಗೂ ಹೋಗುತ್ತದೆ. ಅದನ್ನು ಯಾರೂ ಚಾಡಿ ಎನ್ನರು. ಶಾಲೆಯ ಹೊಸ್ತಿಲೊಳಗೆ ಮಾತ್ರ ಎರಡೂ ಒಂದಾಗಿಬಿಟ್ಟಿವೆ. ಒಂದು ಮಾಡಿದವರು ಮಕ್ಕಳಲ್ಲ. ‘ಚಾಡಿ ಹೇಳ್ಬೇಡ, ಹೋಗು’ ಎಂದು ಗದರುವ ನಾವು.

ಭಾರತದ ಕಥೆಯೂ ಅಲ್ಲಿಗೆ ನಿಲ್ಲುವುದಿಲ್ಲ. ಕೌರವರು ಹಿರಿಯರ ಮುಂದೆ ದೂರಿಟ್ಟಂತೆ ಕಾಣುವುದಿಲ್ಲ. ದುರ್ಯೋಧನನೇ ಉಪಾಯ ಹೂಡುತ್ತಾನೆ: ಪ್ರಮಾಣಕೋಟಿಯ ಜಲಕ್ರೀಡೆ, ಭಕ್ಷ್ಯದಲ್ಲಿ ವಿಷ, ಬಳ್ಳಿಗಳಿಂದ ಬಿಗಿದು ಗಂಗೆಗೆ ನೂಕುವುದು. ಭೀಮ ನಾಗಲೋಕದಿಂದ ಬದುಕಿ ಬಂದು ನಡೆದುದನ್ನು ಸೋದರರಿಗೆ ಹೇಳಿದಾಗ ಧರ್ಮರಾಯನು ಈ ಮಾತನ್ನು ಎಲ್ಲಿಯೂ ಎತ್ತಬೇಡವೆನ್ನುತ್ತಾನೆ. ಎರಡು ಪಕ್ಷಗಳಲ್ಲಿಯೂ ಹಿರಿಯರ ಕಿವಿಗೆ ದೂರು ಮುಟ್ಟಲಿಲ್ಲ.

ಇನ್ನು ಬಲದ ವಿಷಯ. ತೋಳ್ಬಲವನ್ನು ಎಳೆಯರೂ ಕಾಣಬಲ್ಲರು. ಗೆರೆಚಿತ್ರದಲ್ಲಿ ದೊಡ್ಡ ಗೊಂಬೆ, ಚಿಕ್ಕ ಗೊಂಬೆ ಬರೆದು ತೋರಿಸಬಹುದು. ಆದರೆ ಹಳ್ಳಿಯ ಶಾಲೆಯಲ್ಲಿ ಬಲವೆಂಬುದು ಯಾರ ತಂದೆ ಪಂಚಾಯಿತಿಯ ಸದಸ್ಯ, ಯಾರ ಮನೆ ಊರೊಳಗೆ, ಯಾರ ಮನೆ ಕೇರಿಯಲ್ಲಿ ಎಂಬುದರಲ್ಲಿಯೂ ಇದೆ. ಅದನ್ನು ಯಾವ ಗೆರೆಚಿತ್ರದಲ್ಲಿ ಬರೆಯುವುದು? ಜಾತಿಯ ಹೆಸರನ್ನೇ ಅಡ್ಡಹೆಸರಾಗಿ ಕೂಗುವ ಎಳೆಯನಿಗೆ ತಾನು ಏನು ಕೂಗುತ್ತಿದ್ದೇನೆಂಬುದು ಪೂರ್ತಿಯಾಗಿ ತಿಳಿದಿರುವುದಿಲ್ಲ. ಮನೆಯಲ್ಲಿ ಕೇಳಿದ್ದನ್ನು ಆಡುತ್ತಾನೆ. ಕೇಳಿಸಿಕೊಂಡ ಮಗುವಿಗೆ ಮಾತ್ರ, ಅದೆಷ್ಟೇ ಚಿಕ್ಕದಿರಲಿ, ತಿಳಿದುಬಿಡುತ್ತದೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವನ್ನು ಓದಿದವರಿಗೆ ಶಾಲೆಯ ದಿನಗಳ ಇಂತಹ ಅವಮಾನ ದಶಕಗಳ ಬಳಿಕವೂ ಆರುವುದಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ; ನಮ್ಮ 1983ರ ಕರ್ನಾಟಕ ಶಿಕ್ಷಣ ಕಾಯಿದೆ ರ‍್ಯಾಗಿಂಗನ್ನು ನಿಷೇಧಿಸಿದೆ. ಆದರೆ ಮೊದಲನೆಯದು ಮೇಷ್ಟರ ಬೆತ್ತಕ್ಕೆ, ಎರಡನೆಯದು ಕಾಲೇಜಿನ ಹಾಸ್ಟೆಲ್ಲಿಗೆ ಎಂದು ಜನ ತಿಳಿದಿದ್ದಾರೆ. ಎರಡನೆಯ ತರಗತಿಯ ಹುಡುಗಿಯ ಜಡೆಯನ್ನು ದಿನವೂ ಬೆಂಚಿಗೆ ಕಟ್ಟುವವರ ನೆನಪು ಯಾರಿಗೂ ಬರುವುದಿಲ್ಲ.

ನೋಡುತ್ತ ನಿಂತವರನ್ನೂ ಮರೆಯುವಂತಿಲ್ಲ. ಕೆನಡಾದ ಸಂಶೋಧಕರು ಪ್ರಾಥಮಿಕ ಶಾಲೆಗಳ ಆಟದ ಬಯಲುಗಳಲ್ಲಿ ಮಕ್ಕಳ ನಡವಳಿಕೆಯನ್ನು ಕ್ಯಾಮೆರಾದಿಂದ ಚಿತ್ರಿಸಿಕೊಂಡು 2001ರಲ್ಲಿ ವರದಿ ಮಾಡಿದರು. ಇಂತಹ ನೂರು ಪ್ರಸಂಗಗಳಲ್ಲಿ ಹತ್ತೊಂಬತ್ತರಲ್ಲಿ ಮಾತ್ರ ಬೇರೆ ಮಕ್ಕಳು ನಡುವೆ ಬಂದಿದ್ದರು. ಆದರೆ ಹಾಗೆ ಬಂದಾಗ ಅರ್ಧಕ್ಕೂ ಹೆಚ್ಚು ಸಲ ಹತ್ತೇ ಸೆಕೆಂಡುಗಳೊಳಗೆ ಕಾಟ ನಿಂತಿತ್ತು. ನಮ್ಮ ಮಕ್ಕಳ ಆಟಗಳಲ್ಲಿ ಇದಕ್ಕೆ ಒದಗುವ ಹಳೆಯ ಏರ್ಪಾಟೊಂದಿದೆ. ಚಿಕ್ಕವನು, ಓಡಲಾರದವನು ಬಂದರೆ ಅವನನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಾರೆ. ಅವನು ಔಟಾಗುವುದಿಲ್ಲ, ಅವನಿಂದ ಪಕ್ಷ ಸೋಲುವುದೂ ಇಲ್ಲ. ಯಾವ ಶಿಕ್ಷಣತಜ್ಞರೂ ರೂಪಿಸದ ಈ ಕರುಣೆಯ ನಿಯಮವನ್ನು ಮಕ್ಕಳೇ ಮಾಡಿಕೊಂಡಿದ್ದಾರೆ. ಅದೇ ಮಾತನ್ನು ಓಡಬಲ್ಲ ಹುಡುಗನೊಬ್ಬನ ಮೇಲೆ ದಿನವೂ ಹೇರಿದರೆ ಅದು ಅವಮಾನವಾಗುತ್ತದೆ. ಮಾತು ಒಂದೇ, ಹೊರಗೆ ನಿಂತು ನೋಡುವವರಿಗೆ ಭೇದ ತಿಳಿಯುವುದಿಲ್ಲ.

ಹಾಗಾದರೆ ಕೇಳುವವರು ಹೇಗೆ ತಿಳಿಯಬೇಕು? ‘ನಿನ್ನನ್ನು ಯಾರಾದರೂ ಪೀಡಿಸುತ್ತಾರೆಯೆ?’ ಎಂದು ಎಳೆಯರನ್ನು ಕೇಳಿ ಫಲವಿಲ್ಲ. ಅವರ ಗಂಟಿನಲ್ಲಿ ಎಲ್ಲವೂ ಕೂಡಿರುವುದರಿಂದ ಮೊಣಕೈ ತಗುಲಿದವನೂ ಹೌದೆನ್ನುತ್ತಾನೆ. ಯಾರೂ ಮಾತನಾಡಿಸದೆ ಬಿಟ್ಟಿರುವ ಹುಡುಗಿ, ತನ್ನನ್ನು ಯಾರೂ ಹೊಡೆದಿಲ್ಲವಲ್ಲ ಎಂದು, ಇಲ್ಲವೆನ್ನಬಹುದು. ‘ಮೊದಲು ಹೊಡೆದವರು ಯಾರು?’ ಎಂಬ ನಮ್ಮ ಇನ್ನೊಂದು ಪ್ರಿಯವಾದ ಪ್ರಶ್ನೆ ಸಮಬಲರ ಜಗಳಕ್ಕೆ ಮಾತ್ರ ತಕ್ಕುದು. ಬಹು ದಿನ ತಾಳಿ ಒಂದು ದಿನ ತಿರುಗಿಬಿದ್ದ ಮಗು ಆ ಪ್ರಶ್ನೆಯಿಂದ ಅಪರಾಧಿಯಾಗುತ್ತದೆ.

ವ್ಯಾಕರಣದ ಮೇಷ್ಟರಾಗಿದ್ದವನಿಗೆ ತೋಚುವ ಒಂದು ಸೂಕ್ಷ್ಮವಿದೆ. ‘ಮತ್ತೆ ಮತ್ತೆ’ ಎಂಬ ಲಕ್ಷಣವನ್ನು ಎಳೆಯರು ಬಿಡಿಸಿ ಹೇಳಲಾರರು. ಆದರೆ ಅವರ ಕ್ರಿಯಾಪದ ಅದನ್ನು ಹೇಳಿಬಿಡುತ್ತದೆ. ‘ಹೊಡ್ದ’ ಎಂಬುದು ಭೂತಕಾಲ: ಒಂದು ಸಲ ನಡೆಯಿತು, ಮುಗಿಯಿತು. ‘ಹೊಡೀತಾನೆ’ ಎಂದರೆ ಅದು ವಾಡಿಕೆಯ ಮಾತು. ‘ಸೇರುಸ್ಕಳ್ಲಿಲ್ಲ’ ಎಂದರೆ ಇವತ್ತಿನ ಆಟದ ಕಥೆ; ‘ಸೇರುಸ್ಕಳಲ್ಲ’ ಎಂದರೆ ಎಂದಿನ ಕಥೆ. ನಲವತ್ತು ‘ಹೊಡ್ದ’ಗಳ ನಡುವೆ ಒಂದು ‘ಹೊಡೀತಾನೆ’ ಬಂದಾಗ ಉಪಾಧ್ಯಾಯರು ಪುಸ್ತಕದಿಂದ ತಲೆಯೆತ್ತಬೇಕು. ಆಗಲೂ ಎಲ್ಲರ ಮುಂದೆ ವಿಚಾರಣೆ ಬೇಡ; ಆ ಮಗು ಮತ್ತೆ ಅದೇ ಬೆಂಚಿನಲ್ಲಿ ಕೂರಬೇಕು, ಅದೇ ದಾರಿಯಲ್ಲಿ ಮನೆಗೆ ಹೋಗಬೇಕು. ಬಿಸಿಯೂಟದ ತಟ್ಟೆ ತೊಳೆಯುವ ಹೊತ್ತಿನಲ್ಲಿ ಬೇರೆಯಾಗಿ ಕರೆದು ಕೇಳಬಹುದು: ಇವತ್ತು ಯಾರ ಜೊತೆ ಆಡಿದೆ? ನಿನ್ನೆ? ನೀನು ಬೇಡ ಎಂದರೆ ಅವರು ನಿಲ್ಲಿಸುತ್ತಾರೆಯೆ? ಏಳು ವರ್ಷದ ಮಗು ಈ ಮೂರಕ್ಕೂ ಉತ್ತರ ಹೇಳಬಲ್ಲದು. ಮನೆಯಲ್ಲಿಯೂ ಶಾಲೆಯಲ್ಲಿಯೂ ಕೇಳುವವರು ಸಿಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಅದಕ್ಕೆ ಹಣ ಬೇಕಾಗಿಲ್ಲ.

ಆ ಹುಡುಗಿಗೆ ಉತ್ತರ ಹೇಳುವುದು ಬಾಕಿಯಿತ್ತಷ್ಟೆ. ಮುಂದಿನ ಶನಿವಾರ ಕರಿಹಲಗೆಯ ಮೇಲೆ ‘ಚಾಡಿ’ ಎಂದೂ ‘ದೂರು’ ಎಂದೂ ಎರಡು ಕಡೆ ಬರೆದು, ಯಾವುದು ಯಾವುದರ ಕೆಳಗೆ ಬರಬೇಕೆಂದು ಮಕ್ಕಳನ್ನೇ ಕೇಳಿದೆ. ‘ಅವ್ನು ಮನೆಪಾಠ ಬರೆದಿಲ್ಲ ಅಂತ ಹೇಳೋದು’ ಚಾಡಿಯ ಕೆಳಗೆ ಹೋಯಿತು, ವಿವಾದವಿಲ್ಲ. ‘ನನ್ನ ಬುತ್ತಿ ದಿನಾ ಕಿತ್ಕತಾನೆ ಅಂತ ಹೇಳೋದು’ ಬಂದಾಗ ಸ್ವಲ್ಪ ಗದ್ದಲವಾಯಿತು, ಕೊನೆಗೆ ದೂರಿನ ಕೆಳಗೆ ಹೋಯಿತು. ‘ಇನ್ನೊಬ್ರ ಬುತ್ತಿ ಕಿತ್ಕತಾನೆ ಅಂತ ನಾವು ಹೇಳೋದು?’ ಎಂದು ಒಬ್ಬ ಕೇಳಿದ. ಅದರ ಮೇಲೆ ತರಗತಿ ಗಂಟೆ ಹೊಡೆಯುವ ತನಕ ವಾದಿಸಿತು.